ಒಡೆತನ ಮತ್ತು ಸ್ವಾಧೀನ: ಕರ್ನಾಟಕದ ಪಟ್ಟಣಗಳಲ್ಲಿ ಬಾಡಿಗೆ ವ್ಯಾಜ್ಯಗಳ ಕಾನೂನು ಚರಿತ್ರೆ

1. ಪೀಠಿಕೆ

ಮನೆಯನ್ನು ಬಾಡಿಗೆಗೆ ಕೊಡುವವನು ಅದರ ಒಡೆತನವನ್ನು ತನ್ನಲ್ಲಿಯೇ ಉಳಿಸಿಕೊಂಡು ಸ್ವಾಧೀನವನ್ನು ಮಾತ್ರ ಇನ್ನೊಬ್ಬನಿಗೆ ಬಿಟ್ಟುಕೊಡುತ್ತಾನೆ. ಬಾಡಿಗೆ ವ್ಯಾಜ್ಯಗಳೆಲ್ಲವೂ ಹುಟ್ಟುವುದು ಈ ಎರಡರ ನಡುವಿನ ಅಂತರದಲ್ಲಿ. ಬಾಡಿಗೆ ನಿಂತಾಗ, ಅವಧಿ ಮುಗಿದಾಗ ಅಥವಾ ಮಾಲೀಕನಿಗೇ ಮನೆ ಬೇಕಾದಾಗ, ಬಿಟ್ಟುಕೊಟ್ಟ ಸ್ವಾಧೀನವನ್ನು ಮರಳಿ ಪಡೆಯುವ ದಾರಿ ಯಾವುದು ಎಂಬ ಪ್ರಶ್ನೆ ಏಳುತ್ತದೆ. ಈ ಪ್ರಶ್ನೆಗೆ ಕಾನೂನು ಬೇರೆ ಬೇರೆ ಕಾಲಗಳಲ್ಲಿ ಬೇರೆ ಬೇರೆ ಉತ್ತರಗಳನ್ನು ನೀಡಿದೆ.

ಕರ್ನಾಟಕದಲ್ಲಿ ಕೃಷಿಭೂಮಿಯ ಗೇಣಿ ಸಂಬಂಧಗಳ ಬಗೆಗೆ ಗಣನೀಯ ಅಧ್ಯಯನಗಳು ನಡೆದಿವೆ. 1951ರ ಕಾಗೋಡು ಸತ್ಯಾಗ್ರಹ ಮತ್ತು 1974ರ ಭೂಸುಧಾರಣಾ ತಿದ್ದುಪಡಿಗಳು ನಾಡಿನ ಸಾಮಾಜಿಕ ಚರಿತ್ರೆಯ ಮುಖ್ಯ ಅಧ್ಯಾಯಗಳೆನಿಸಿವೆ. ಅದಕ್ಕೆ ಹೋಲಿಸಿದರೆ ಪಟ್ಟಣದ ಮನೆ ಮತ್ತು ಅಂಗಡಿಗಳ ಬಾಡಿಗೆ ಸಂಬಂಧದ ಚರಿತ್ರೆ ಚರ್ಚೆಗೊಳಗಾದದ್ದು ಕಡಿಮೆ. ಗೇಣಿ ಪ್ರಶ್ನೆಯಲ್ಲಿ ಉಳುವವನಿಗೇ ಭೂಮಿ ಎಂಬ ತತ್ತ್ವ ಅಂತಿಮ ಉತ್ತರವನ್ನು ಒದಗಿಸಿತು. ಮನೆಯ ವಿಷಯದಲ್ಲಿ ವಾಸಿಸುವವನಿಗೇ ಮನೆ ಎಂದು ಶಾಸನಸಭೆಗಳು ಹೇಳಲಿಲ್ಲ; ಮಾಲೀಕನು ಬಯಸಿದಾಗ ಮನೆ ತೆರವಾಗಬೇಕು ಎಂದೂ ಬಹುಕಾಲ ಹೇಳಲಿಲ್ಲ. ಈ ಎರಡರ ನಡುವೆ ಮಾಲೀಕನಿಗೆ ತೆರೆದಿದ್ದ ಕಾನೂನು ಮಾರ್ಗಗಳು ಹೇಗೆ ರೂಪುಗೊಂಡವು, ಯಾರಿಗೆ ಎಷ್ಟರ ಮಟ್ಟಿಗೆ ಒದಗಿದವು ಎಂಬುದನ್ನು ಪರಿಶೀಲಿಸುವುದು ಪ್ರಸ್ತುತ ಪ್ರಬಂಧದ ಉದ್ದೇಶ.

2. ಪ್ರಾಚೀನ ಧರ್ಮಶಾಸ್ತ್ರಗಳ ನಿಲುವು

ಮೈಸೂರಿನ ಪ್ರಾಚ್ಯ ಗ್ರಂಥಾಲಯದ ಆರ್. ಶಾಮಶಾಸ್ತ್ರಿಗಳು 1909ರಲ್ಲಿ ಪ್ರಕಟಿಸಿದ ಕೌಟಿಲ್ಯನ ಅರ್ಥಶಾಸ್ತ್ರದ ಮೂರನೆಯ ಅಧಿಕರಣದಲ್ಲಿ ಬಾಡಿಗೆ ಮನೆಯ ಪ್ರಸ್ತಾಪವಿದೆ. ತೆರವು ಮಾಡಲು ಹೇಳಿದ ಮೇಲೂ ಮನೆಯಲ್ಲಿ ಉಳಿಯುವವನಿಗೆ ಹನ್ನೆರಡು ಪಣಗಳ ದಂಡ; ಬಾಡಿಗೆ ಕೊಟ್ಟಿರುವವನನ್ನು ಹೊರಹಾಕುವ ಒಡೆಯನಿಗೂ ಅಷ್ಟೇ ದಂಡ. ಕಳವು, ದರೋಡೆ ಮೊದಲಾದ ಅಪರಾಧಗಳಲ್ಲಿ ತೊಡಗಿದವನಿಗೆ ಈ ರಕ್ಷಣೆಯಿಲ್ಲ. ತಾನಾಗಿಯೇ ಮನೆ ಬಿಟ್ಟು ಹೋಗುವವನು ವರ್ಷದ ಉಳಿದ ಬಾಡಿಗೆಯನ್ನು ತೆರಬೇಕು. ಎರಡೂ ಕಡೆಯವರಿಗೆ ಸಮಾನ ದಂಡವನ್ನು ವಿಧಿಸಿರುವುದು ಇಲ್ಲಿ ಗಮನಾರ್ಹ. ಬಾಡಿಗೆ ಸಲ್ಲುತ್ತಿರುವವರೆಗೆ ವಾಸದ ಹಕ್ಕನ್ನು ಒಡೆಯನೂ ಮುರಿಯಲಾರನೆಂಬ ಭಾವನೆ ಈ ದೇಶದ ಶಾಸ್ತ್ರಕಾರರಿಗೆ ಅಪರಿಚಿತವಾಗಿರಲಿಲ್ಲವೆಂಬುದು ಇದರಿಂದ ಸ್ಪಷ್ಟವಾಗುತ್ತದೆ.

ಕಲ್ಯಾಣದಲ್ಲಿ ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ ಯಾಜ್ಞವಲ್ಕ್ಯ ಸ್ಮೃತಿಗೆ ಮಿತಾಕ್ಷರ ವ್ಯಾಖ್ಯಾನವನ್ನು ರಚಿಸಿದ ವಿಜ್ಞಾನೇಶ್ವರನು ವ್ಯವಹಾರ ನಿರ್ಣಯಕ್ಕೆ ಲಿಖಿತ, ಭುಕ್ತಿ, ಸಾಕ್ಷಿ ಎಂಬ ಮೂರು ಪ್ರಮಾಣಗಳನ್ನು ಚರ್ಚಿಸುತ್ತಾನೆ. ಬಾಡಿಗೆ ವ್ಯಾಜ್ಯದಲ್ಲಿ ಲಿಖಿತವು ಸಾಮಾನ್ಯವಾಗಿ ಮಾಲೀಕನ ಕಡೆಗೂ ಭುಕ್ತಿಯು, ಅಂದರೆ ಅನುಭೋಗವು, ಬಾಡಿಗೆದಾರನ ಕಡೆಗೂ ಇರುತ್ತದೆ. ಇಪ್ಪತ್ತನೆಯ ಶತಮಾನದ ನ್ಯಾಯಾಲಯಗಳಲ್ಲಿಯೂ ಇವೆರಡರ ನಡುವಣ ಸೆಣಸಾಟವೇ ನಡೆದದ್ದನ್ನು ಮುಂದೆ ಕಾಣಬಹುದು.

3. ಕರಾರಿನ ಕಾಲ

ಬ್ರಿಟಿಷ್ ಇಂಡಿಯಾದಲ್ಲಿ ಜಾರಿಗೆ ಬಂದ 1882ರ ಸ್ವತ್ತು ವರ್ಗಾವಣೆ ಅಧಿನಿಯಮವು ಗುತ್ತಿಗೆಯನ್ನು ಮೂಲತಃ ಒಂದು ಕರಾರೆಂದು ಭಾವಿಸಿತು. ಮನೆಯನ್ನು ತಿಂಗಳ ಬಾಡಿಗೆಗೆ ಕೊಟ್ಟಿದ್ದರೆ ಹದಿನೈದು ದಿನಗಳ ನೋಟೀಸು ನೀಡಿ ಸಂಬಂಧವನ್ನು ಕೊನೆಗೊಳಿಸಬಹುದಾಗಿತ್ತು. ಆ ನೋಟೀಸಿನ ಅವಧಿ ಬಾಡಿಗೆಯ ತಿಂಗಳ ಕೊನೆಗೇ ಮುಗಿಯಬೇಕೆಂಬ ನಿಯಮವಿತ್ತು. ಆನಂತರವೂ ಬಾಡಿಗೆದಾರನು ತೆರವು ಮಾಡದಿದ್ದರೆ ಮಾಲೀಕನು ಸಿವಿಲ್ ನ್ಯಾಯಾಲಯದಲ್ಲಿ ಸ್ವಾಧೀನಕ್ಕಾಗಿ ದಾವೆ ಹೂಡಬೇಕಾಗಿತ್ತು. ತನಗೆ ಮನೆ ಏಕೆ ಬೇಕು ಎಂದು ವಿವರಿಸುವ ಅಗತ್ಯ ಅವನಿಗಿರಲಿಲ್ಲ.

1872ರ ಸಾಕ್ಷ್ಯ ಅಧಿನಿಯಮವು ಮಾಲೀಕನಿಗೆ ಇನ್ನೊಂದು ಬಲವನ್ನು ನೀಡಿತ್ತು. ಯಾವನ ಬಾಡಿಗೆದಾರನಾಗಿ ಮನೆಯೊಳಗೆ ಬಂದನೋ, ಬಾಡಿಗೆ ಸಂಬಂಧ ಆರಂಭವಾದಾಗ ಅವನಿಗೆ ಒಡೆತನವಿರಲಿಲ್ಲವೆಂದು ವಾದಿಸಲು ಬಾಡಿಗೆದಾರನಿಗೆ ಅವಕಾಶವಿರಲಿಲ್ಲ. 2024ರ ಜುಲೈ 1ರಿಂದ ಜಾರಿಗೆ ಬಂದಿರುವ ಭಾರತೀಯ ಸಾಕ್ಷ್ಯ ಅಧಿನಿಯಮವೂ ಈ ತತ್ತ್ವವನ್ನು ಉಳಿಸಿಕೊಂಡಿದೆ.

ಆದರೆ ಈ ಕಾಲದಲ್ಲಿಯೂ ಮಾಲೀಕನ ಮಾರ್ಗ ನಿಷ್ಕಂಟಕವಾಗಿರಲಿಲ್ಲ. ನೋಟೀಸಿನಲ್ಲಿ ದಿನದ ಲೆಕ್ಕ ತಪ್ಪಿದರೆ ಇಡೀ ದಾವೆಯೇ ಬಿದ್ದುಹೋಗುತ್ತಿತ್ತು. ದಾವೆಯಲ್ಲಿ ಗೆದ್ದ ಮೇಲೆ ಡಿಕ್ರಿಯ ಅಮಲ್ಜಾರಿ ಮತ್ತೊಂದು ವ್ಯಾಜ್ಯವಾಗುತ್ತಿತ್ತು. ಭಾರತದಲ್ಲಿ ಕಕ್ಷಿದಾರನ ತೊಂದರೆಗಳು ಆರಂಭವಾಗುವುದು ಡಿಕ್ರಿ ದೊರೆತ ಮೇಲೆಯೇ ಎಂಬ ಅಭಿಪ್ರಾಯವನ್ನು ಪ್ರಿವಿ ಕೌನ್ಸಿಲ್ 1872ರಷ್ಟು ಹಿಂದೆಯೇ ವ್ಯಕ್ತಪಡಿಸಿತ್ತು.

4. ಯುದ್ಧಗಳು, ವಸತಿಯ ಅಭಾವ ಮತ್ತು ನಿಯಂತ್ರಣ

ಬಾಡಿಗೆ ನಿಯಂತ್ರಣವು ಯುದ್ಧಕಾಲದ ಕೂಸು. ಮೊದಲ ಮಹಾಯುದ್ಧದ ಸಮಯದಲ್ಲಿ ಗ್ಲಾಸ್ಗೋ ನಗರದ ಬಾಡಿಗೆ ಮುಷ್ಕರದ ಹಿನ್ನೆಲೆಯಲ್ಲಿ ಬ್ರಿಟನ್ನಿನ ಸಂಸತ್ತು 1915ರಲ್ಲಿ ಬಾಡಿಗೆ ಏರಿಕೆಯನ್ನು ತಡೆಯುವ ಕಾಯಿದೆಯನ್ನು ಮಾಡಿತು. ಮುಂಬಯಿಯಲ್ಲಿ 1918ರಲ್ಲಿ ಯುದ್ಧಕಾಲೀನ ಬಾಡಿಗೆ ಕಾಯಿದೆಯೂ ಕಲ್ಕತ್ತಾದಲ್ಲಿ 1920ರಲ್ಲಿ ಬಾಡಿಗೆ ಕಾಯಿದೆಯೂ ಬಂದವು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಈ ಪದ್ಧತಿ ದೇಶದ ಇತರ ನಗರಗಳಿಗೂ ಹಬ್ಬಿತು.

ಬೆಂಗಳೂರಿನ ಬೆಳವಣಿಗೆಯನ್ನು ನೋಡಿದರೆ ನಿಯಂತ್ರಣದ ಅಗತ್ಯ ಅರ್ಥವಾಗುತ್ತದೆ. 1898ರ ಪ್ಲೇಗಿನ ನಂತರ ಬಸವನಗುಡಿ, ಮಲ್ಲೇಶ್ವರ ಬಡಾವಣೆಗಳು ಬೆಳೆದರೂ ಹಳೆಯ ಪೇಟೆಯ ಇಕ್ಕಟ್ಟು ಕಡಿಮೆಯಾಗಲಿಲ್ಲ. 1940ರಲ್ಲಿ ವಿಮಾನ ಕಾರ್ಖಾನೆ ಆರಂಭವಾಯಿತು. ಅನಂತರ ದೂರವಾಣಿ, ಗಡಿಯಾರ ಮತ್ತು ಎಲೆಕ್ಟ್ರಾನಿಕ್ಸ್ ಕಾರ್ಖಾನೆಗಳು ಬಂದವು. 1941ರ ಜನಗಣತಿಯಲ್ಲಿ ಸುಮಾರು 4 ಲಕ್ಷವಿದ್ದ ನಗರದ ಜನಸಂಖ್ಯೆ 1951ರಲ್ಲಿ ಸುಮಾರು 7.8 ಲಕ್ಷಕ್ಕೆ ಏರಿತು. ಒಂದು ದಶಕದಲ್ಲಿ ಜನಸಂಖ್ಯೆ ಹೆಚ್ಚುಕಡಿಮೆ ಇಮ್ಮಡಿಯಾದ ನಗರದಲ್ಲಿ ಮನೆಗಳು ಆ ಪ್ರಮಾಣದಲ್ಲಿ ಹೆಚ್ಚುವುದು ಸಾಧ್ಯವಿರಲಿಲ್ಲ. ಒಂದೇ ಅಂಗಳ, ಒಂದೇ ಬಾವಿಯ ಸುತ್ತ ಹಲವು ಸಂಸಾರಗಳು ನೆಲಸಿದ ವಠಾರಗಳು ಈ ಅಭಾವದ ಪರಿಣಾಮ. ಇಂಥ ಪರಿಸ್ಥಿತಿಯಲ್ಲಿ ಹದಿನೈದು ದಿನಗಳ ನೋಟೀಸೆಂಬುದು ಬಾಡಿಗೆದಾರನ ಸಂಸಾರವನ್ನು ಬೀದಿಗೆ ತರಬಲ್ಲ ಅಸ್ತ್ರವಾಗುತ್ತಿತ್ತು. ಶಾಸನಕಾರರು ಮಧ್ಯೆ ಪ್ರವೇಶಿಸಿದ್ದಕ್ಕೆ ಸಕಾರಣವಿತ್ತೆಂಬುದನ್ನು ಒಪ್ಪಬೇಕಾಗುತ್ತದೆ.

ಏಕೀಕರಣದ ಪೂರ್ವದಲ್ಲಿ ಕನ್ನಡ ನಾಡಿನ ಭಾಗಗಳು ಬೇರೆ ಬೇರೆ ಆಡಳಿತಗಳಲ್ಲಿದ್ದಂತೆ ಬಾಡಿಗೆ ಕಾನೂನುಗಳೂ ಬೇರೆ ಬೇರೆಯಾಗಿದ್ದವು. ಮೈಸೂರು ರಾಜ್ಯದಲ್ಲಿ 1951ರ ಮನೆ ಬಾಡಿಗೆ ಮತ್ತು ವಸತಿ ನಿಯಂತ್ರಣ ಅಧಿನಿಯಮವಿತ್ತು. ಬೆಳಗಾವಿ, ಧಾರವಾಡ, ಬಿಜಾಪುರ ಮತ್ತು ಉತ್ತರ ಕನ್ನಡ ಜಿಲ್ಲೆಗಳಿಗೆ 1947ರ ಮುಂಬಯಿ ಅಧಿನಿಯಮ ಅನ್ವಯಿಸುತ್ತಿತ್ತು. ಅದರ ಪ್ರಕಾರ 1940ರ ಸೆಪ್ಟೆಂಬರ್ 1ರಂದು ಇದ್ದ ಬಾಡಿಗೆಯೇ ಪ್ರಮಾಣಕ ಬಾಡಿಗೆಗೆ ಆಧಾರ. ಗುಲಬರ್ಗಾ, ರಾಯಚೂರು, ಬೀದರ್ ಜಿಲ್ಲೆಗಳಿಗೆ 1954ರ ಹೈದರಾಬಾದ್ ಅಧಿನಿಯಮವೂ ದಕ್ಷಿಣ ಕನ್ನಡಕ್ಕೆ 1949ರ ಮದ್ರಾಸು ಅಧಿನಿಯಮವೂ ಅನ್ವಯಿಸುತ್ತಿದ್ದವು. ಮಂಗಳೂರಿನಂಥ ಪಟ್ಟಣದಲ್ಲಿ ಮನೆಯ ನಿವೇಶನಗಳಿಗೂ ಮೂಲಗೇಣಿಯ ಹಕ್ಕು ಹಬ್ಬಿದ್ದುದರಿಂದ, ಎದುರಾಳಿಯು ಸಾಮಾನ್ಯ ಬಾಡಿಗೆದಾರನೋ ಶಾಶ್ವತ ಹಕ್ಕುಳ್ಳ ಮೂಲಗೇಣಿದಾರನೋ ಎಂಬುದು ಮೊದಲು ಇತ್ಯರ್ಥವಾಗಬೇಕಾದ ಪ್ರಶ್ನೆಯಾಗುತ್ತಿತ್ತು. 1956ರ ರಾಜ್ಯ ಪುನರ್ವಿಂಗಡಣೆಯ ಅನಂತರವೂ ಈ ಕಾನೂನುಗಳು ತಮ್ಮ ತಮ್ಮ ಪ್ರದೇಶಗಳಲ್ಲಿ ಮುಂದುವರಿದವು. ನಾಡು ಒಂದಾಗಿ ಐದು ವರ್ಷಗಳಾಗುವವರೆಗೂ ಹುಬ್ಬಳ್ಳಿಯ ಮಾಲೀಕನ ಹಕ್ಕು ಒಂದು ಬಗೆ, ಮಂಗಳೂರಿನ ಮಾಲೀಕನದು ಇನ್ನೊಂದು ಬಗೆಯಾಗಿತ್ತು.

5. 1961ರ ಅಧಿನಿಯಮ: ಕಾರಣಗಳ ಪಟ್ಟಿ

ಈ ಭಿನ್ನತೆಯನ್ನು ನಿವಾರಿಸಿದುದು 1961ರ ಮೈಸೂರು ಬಾಡಿಗೆ ನಿಯಂತ್ರಣ ಅಧಿನಿಯಮ. 1973ರಲ್ಲಿ ರಾಜ್ಯದ ಹೆಸರು ಬದಲಾದ ಬಳಿಕ ಇದು ಕರ್ನಾಟಕ ಬಾಡಿಗೆ ನಿಯಂತ್ರಣ ಅಧಿನಿಯಮವೆನಿಸಿತು. ನಾಲ್ಕು ದಶಕಗಳ ಕಾಲ ನಾಡಿನ ಪಟ್ಟಣಗಳ ಬಾಡಿಗೆ ಸಂಬಂಧವನ್ನು ಆಳಿದ ಈ ಕಾನೂನಿನ ಹೃದಯಭಾಗ ಅದರ 21ನೆಯ ಪ್ರಕರಣ. ಬೇರೆ ಯಾವುದೇ ಕಾನೂನು ಅಥವಾ ಕರಾರು ಏನೇ ಹೇಳಿದರೂ ಬಾಡಿಗೆದಾರನ ವಿರುದ್ಧ ಸ್ವಾಧೀನದ ಆದೇಶ ನೀಡಕೂಡದೆಂದು ಅದು ಮೊದಲು ಸಾರುತ್ತದೆ. ಅನಂತರ ಆದೇಶ ನೀಡಬಹುದಾದ ಕಾರಣಗಳನ್ನು ಪಟ್ಟಿಮಾಡುತ್ತದೆ.

ಆ ಕಾರಣಗಳಲ್ಲಿ ಮುಖ್ಯವಾದವು ಇವು: ಬೇಡಿಕೆಯ ನೋಟೀಸು ತಲುಪಿ ಎರಡು ತಿಂಗಳಾದರೂ ಬಾಡಿಗೆಯ ಬಾಕಿಯನ್ನು ತೀರಿಸದಿರುವುದು, ಮಾಲೀಕನ ಲಿಖಿತ ಒಪ್ಪಿಗೆಯಿಲ್ಲದೆ ಶಾಶ್ವತ ಕಟ್ಟಡ ಕಟ್ಟುವುದು, ನೆರೆಹೊರೆಗೆ ಉಪದ್ರವ ನೀಡುವುದು, ಒಳಬಾಡಿಗೆಗೆ ಕೊಡುವುದು, ಬಾಡಿಗೆದಾರನಿಗೆ ಬೇರೆ ಯೋಗ್ಯ ಮನೆ ದೊರೆತಿರುವುದು, ಕಟ್ಟಡವನ್ನು ಕೆಡವಿ ಹೊಸದಾಗಿ ಕಟ್ಟಬೇಕಾಗಿರುವುದು, ಮಾಲೀಕನಿಗೆ ಸ್ವಂತ ಉಪಯೋಗಕ್ಕೆ ಯುಕ್ತವೂ ಪ್ರಾಮಾಣಿಕವೂ ಆದ ಅಗತ್ಯವಿರುವುದು. ಬೆಂಗಳೂರಿನಲ್ಲಿ ಲಘು ವ್ಯವಹಾರಗಳ ನ್ಯಾಯಾಲಯದ ಮುಂದೆ ಬರುತ್ತಿದ್ದ ಈ ಅರ್ಜಿಗಳು ಜನರ ಬಾಯಲ್ಲಿ 'ಎಚ್.ಆರ್.ಸಿ. ಕೇಸು' ಎಂದೇ ಪ್ರಸಿದ್ಧವಾದವು.

ಹಿಂದಿನ ಕಾಲಕ್ಕೂ ಈ ಕಾಲಕ್ಕೂ ಇರುವ ವ್ಯತ್ಯಾಸ ಸ್ಪಷ್ಟ. ಮೊದಲು ಅವಧಿ ಮುಗಿದದ್ದನ್ನು ತೋರಿಸಿದರೆ ಸಾಕಿತ್ತು. ಈಗ ಮಾಲೀಕನು ತನ್ನ ಸಂಸಾರದ ಒಳವಿವರಗಳನ್ನು ನ್ಯಾಯಾಲಯದ ಮುಂದಿಡಬೇಕಾಯಿತು. ಎಷ್ಟು ಮಂದಿ ಮಕ್ಕಳು, ಯಾರಿಗೆ ಮದುವೆಯಾಗಿದೆ, ಈಗಿರುವ ಮನೆಯಲ್ಲಿ ಎಷ್ಟು ಕೋಣೆಗಳು, ಮಗನು ಆರಂಭಿಸಬೇಕೆಂದಿರುವ ವ್ಯಾಪಾರ ಯಾವುದು ಎಂಬುವೆಲ್ಲ ಪಾಟೀಸವಾಲಿಗೆ ಒಳಗಾದವು. ಅಗತ್ಯ ಸಾಬೀತಾದ ಮೇಲೂ ಇನ್ನೊಂದು ಪರೀಕ್ಷೆಯಿತ್ತು. ತೆರವಿನ ಆದೇಶದಿಂದ ಬಾಡಿಗೆದಾರನಿಗಾಗುವ ಕಷ್ಟ, ಆದೇಶ ನಿರಾಕರಿಸಿದರೆ ಮಾಲೀಕನಿಗಾಗುವ ಕಷ್ಟಕ್ಕಿಂತ ಹೆಚ್ಚಿನದೆಂದು ಕಂಡುಬಂದರೆ ಅರ್ಜಿಯನ್ನು ತಿರಸ್ಕರಿಸಬೇಕಾಗಿತ್ತು. ಕಟ್ಟಡದ ಒಂದು ಭಾಗವನ್ನಷ್ಟೇ ತೆರವು ಮಾಡಿಸಿದರೆ ಸಾಕೇ ಎಂಬುದನ್ನೂ ನ್ಯಾಯಾಲಯ ಪರಿಶೀಲಿಸುತ್ತಿತ್ತು.

ಈ ಕಾನೂನು ಕೇವಲ ಬಾಡಿಗೆದಾರನ ಪಕ್ಷಪಾತಿಯಾಗಿತ್ತೆಂದು ಹೇಳಲಾಗದು. ತೆರವಿನ ಅರ್ಜಿಯನ್ನು ವಿರೋಧಿಸಬಯಸುವ ಬಾಡಿಗೆದಾರನು ಬಾಕಿಯನ್ನು ನ್ಯಾಯಾಲಯದಲ್ಲಿ ಠೇವಣಿಯಿಟ್ಟು ಮುಂದಿನ ಬಾಡಿಗೆಯನ್ನೂ ಕಟ್ಟುತ್ತಿರಬೇಕೆಂದು 29ನೆಯ ಪ್ರಕರಣ ವಿಧಿಸಿತ್ತು. ಹಾಗೆ ಮಾಡದಿದ್ದರೆ ಅವನ ಪ್ರತಿವಾದವನ್ನೇ ನಿಲ್ಲಿಸಬಹುದಾಗಿತ್ತು. ಬಾಕಿಯ ವ್ಯಾಜ್ಯಗಳಲ್ಲಿ ಮಾಲೀಕನ ಅತ್ಯಂತ ಪರಿಣಾಮಕಾರಿ ಸಾಧನ ಇದಾಗಿತ್ತು. ಇನ್ನೊಂದು ಕಡೆ, ಸ್ವಂತ ವಾಸಕ್ಕೆಂದು ಸ್ವಾಧೀನ ಪಡೆದು ಹಾಗೆ ವಾಸಿಸದ ಮಾಲೀಕನಿಂದ ಮನೆಯನ್ನು ಮರಳಿ ಕೇಳುವ ಅವಕಾಶ ಬಾಡಿಗೆದಾರನಿಗಿತ್ತು. ನೀರು, ದೀಪ ಮೊದಲಾದ ಸೌಕರ್ಯಗಳನ್ನು ಕಡಿದು ಬಾಡಿಗೆದಾರನನ್ನು ಓಡಿಸುವುದನ್ನು ಕಾನೂನು ನಿಷೇಧಿಸಿತ್ತು.

ನೋಟೀಸಿನ ತೊಡಕನ್ನು ಸರ್ವೋಚ್ಚ ನ್ಯಾಯಾಲಯವು ನಿವಾರಿಸಿತು. ಬಾಡಿಗೆ ನಿಯಂತ್ರಣ ಕಾನೂನಿನಡಿ ತೆರವು ಕೇಳುವಾಗ 1882ರ ಅಧಿನಿಯಮದ ನೋಟೀಸು ಅಗತ್ಯವಿಲ್ಲವೆಂದು 1979ರಲ್ಲಿ ಏಳು ನ್ಯಾಯಮೂರ್ತಿಗಳ ಪೀಠವು ತೀರ್ಪು ನೀಡಿತು. ಆದರೆ 1985ರಲ್ಲಿ ಐವರು ನ್ಯಾಯಮೂರ್ತಿಗಳ ಪೀಠವು ನಿಯಂತ್ರಣದ ರಕ್ಷಣೆಯುಳ್ಳ ಅಂಗಡಿಯ ಬಾಡಿಗೆ ಹಕ್ಕು ಬಾಡಿಗೆದಾರನ ಮರಣಾನಂತರ ವಾರಸುದಾರರಿಗೆ ಸಲ್ಲುತ್ತದೆಂದು ಹೇಳಿತು. ತಂದೆಯ ಕಾಲದ ಕರಾರು ಮಕ್ಕಳ ಕಾಲಕ್ಕೂ ಮುಂದುವರಿಯತೊಡಗಿತು.

6. ಕಾಲಹರಣದ ಹೊರೆ

ಮಾಲೀಕನ ಮಾರ್ಗಗಳನ್ನು ಕಾನೂನಿನ ಪುಟಗಳಲ್ಲಿ ಎಣಿಸುವುದು ಸುಲಭ. ಅವು ನಿಜವಾಗಿ ಒದಗುತ್ತಿದ್ದುದು ವ್ಯಾಜ್ಯದ ಕಾಲಾವಧಿಯನ್ನು ಅವಲಂಬಿಸಿತ್ತು. ಮೂಲ ಅರ್ಜಿ, ಪುನರೀಕ್ಷಣೆ, ಅಲ್ಲಿಂದ ಸರ್ವೋಚ್ಚ ನ್ಯಾಯಾಲಯಕ್ಕೆ ಮೇಲ್ಮನವಿ, ಕೊನೆಗೆ ಅಮಲ್ಜಾರಿ ಎಂಬ ಹಂತಗಳನ್ನು ದಾಟುವಷ್ಟರಲ್ಲಿ ಅರ್ಜಿಯ ಕಾರಣವೇ ಬದಲಾಗಿರುತ್ತಿತ್ತು. ಮಗನ ಮದುವೆಗೆಂದು ಮನೆ ಕೇಳಿದ್ದರೆ ಮದುವೆಯಾಗಿ ಅವನು ಬೇರೆ ಊರಿಗೆ ಹೋಗಿರುತ್ತಿದ್ದನು. ವ್ಯಾಜ್ಯ ಹೂಡಿದ ಮೇಲೆ ನಡೆದ ಸಂಗತಿಗಳನ್ನೂ ನ್ಯಾಯಾಲಯ ಗಮನಿಸಬಹುದೆಂದು 1975ರಲ್ಲಿ ಸರ್ವೋಚ್ಚ ನ್ಯಾಯಾಲಯ ಹೇಳಿದ ಅನಂತರ ಬಾಡಿಗೆದಾರರು ಈ ಬದಲಾವಣೆಗಳನ್ನೇ ಪ್ರತಿವಾದವಾಗಿ ಮುಂದಿಡತೊಡಗಿದರು.

ಉತ್ತರ ಪ್ರದೇಶದ ಒಂದು ಪ್ರಕರಣದಲ್ಲಿ, ವೈದ್ಯನಾದ ಮಗನ ಚಿಕಿತ್ಸಾಲಯಕ್ಕೆಂದು ಕಟ್ಟಡ ಕೇಳಿದ್ದ ಮಾಲೀಕನ ವ್ಯಾಜ್ಯ ಎರಡು ದಶಕಗಳಿಗೂ ಹೆಚ್ಚು ಕಾಲ ನಡೆಯಿತು. ಅಷ್ಟರಲ್ಲಿ ಮಗನು ಸರ್ಕಾರಿ ವೈದ್ಯ ಸೇವೆಗೆ ಸೇರಿದ್ದನು. ಆದ್ದರಿಂದ ಅಗತ್ಯವೇ ಮುಗಿದುಹೋಗಿದೆಯೆಂಬುದು ಬಾಡಿಗೆದಾರನ ವಾದ. 2001ರಲ್ಲಿ ಸರ್ವೋಚ್ಚ ನ್ಯಾಯಾಲಯವು ಇದನ್ನು ಒಪ್ಪಲಿಲ್ಲ. ಅಗತ್ಯವನ್ನು ಅಳೆಯಬೇಕಾದುದು ಅರ್ಜಿ ಸಲ್ಲಿಸಿದ ದಿನದಿಂದ. ನ್ಯಾಯವ್ಯವಸ್ಥೆಯ ನಿಧಾನಗತಿಗೆ ಮಾಲೀಕನನ್ನು ಶಿಕ್ಷಿಸಕೂಡದು ಎಂಬುದು ತೀರ್ಪಿನ ಸಾರ. ಈ ತೀರ್ಪು ಕಾನೂನಿನ ತಪ್ಪನ್ನಲ್ಲದೆ ಕಾಲದ ತಪ್ಪನ್ನು ತಿದ್ದಲು ಯತ್ನಿಸಿತೆಂಬುದು ಗಮನಿಸತಕ್ಕ ಸಂಗತಿ.

ಕಾಲಹರಣದ ಹೊರೆ ಎಲ್ಲ ಮಾಲೀಕರ ಮೇಲೆ ಸಮನಾಗಿ ಬೀಳಲಿಲ್ಲ. ಹತ್ತಾರು ಕಟ್ಟಡಗಳ ಒಡೆಯನು ಒಂದು ಅಂಗಡಿಯ ವ್ಯಾಜ್ಯವನ್ನು ಹದಿನೈದು ವರ್ಷ ನಡೆಸಬಲ್ಲನು. ನಿವೃತ್ತಿಯ ಹಣದಿಂದ ಒಂದೇ ಮನೆ ಕಟ್ಟಿಸಿದ ಉಪಾಧ್ಯಾಯನಿಗೆ, ಗಂಡ ಬಿಟ್ಟುಹೋದ ಮನೆಯ ಬಾಡಿಗೆಯನ್ನೇ ನಂಬಿದ ವಿಧವೆಗೆ ಅದು ಸಾಧ್ಯವಿರಲಿಲ್ಲ. ಕಾನೂನು ಇವರೆಲ್ಲರನ್ನೂ ಮಾಲೀಕರೆಂಬ ಒಂದೇ ವರ್ಗದಲ್ಲಿ ಸೇರಿಸಿತು. ಅದೇ ರೀತಿ, ವಠಾರದ ಒಂದು ಕೋಣೆಯಲ್ಲಿ ಸಂಸಾರ ಸಾಗಿಸುವ ಕೂಲಿಕಾರನನ್ನೂ ಪೇಟೆಯ ಮುಖ್ಯ ಬೀದಿಯಲ್ಲಿ ದೊಡ್ಡ ವಹಿವಾಟು ನಡೆಸುವ ವರ್ತಕನನ್ನೂ ಬಾಡಿಗೆದಾರರೆಂಬ ಒಂದೇ ಹೆಸರಿನಿಂದ ರಕ್ಷಿಸಿತು. ಬಲಹೀನ ಮಾಲೀಕನ ಎದುರಿಗೆ ಬಲಶಾಲಿ ಬಾಡಿಗೆದಾರನಿರಬಹುದೆಂಬ ಸಾಧ್ಯತೆಗೆ ತುಲನಾತ್ಮಕ ಕಷ್ಟದ ಪರೀಕ್ಷೆಯೊಂದೇ ಉತ್ತರವಾಗಿತ್ತು. ಅದೂ ವ್ಯಾಜ್ಯದ ಕೊನೆಯಲ್ಲಿ ದೊರೆಯುವ ಉತ್ತರ.

7. ಕಾನೂನಿನ ಹೊರಗಿನ ಏರ್ಪಾಡುಗಳು

ನ್ಯಾಯಾಲಯದ ದಾರಿ ದೀರ್ಘವಾದಂತೆ ಸಮಾಜವು ತನ್ನದೇ ಆದ ಏರ್ಪಾಡುಗಳನ್ನು ಮಾಡಿಕೊಂಡಿತು. ಅಂಗಡಿಗಳ ವಿಷಯದಲ್ಲಿ ಪಗಡಿ ಎಂಬ ಗುಪ್ತ ಹಣ ಬೆಳೆಯಿತು. ಮನೆಗಳ ವಿಷಯದಲ್ಲಿ ಹತ್ತು ತಿಂಗಳ ಬಾಡಿಗೆಯನ್ನು ಮುಂಗಡವಾಗಿ ಪಡೆಯುವುದು ಬೆಂಗಳೂರಿನ ರೂಢಿಯಾಯಿತು. ಬಾಡಿಗೆ ನಿಂತರೂ ವ್ಯಾಜ್ಯದ ಆರಂಭಿಕ ನಷ್ಟವನ್ನು ತುಂಬಿಕೊಳ್ಳುವ ಉಪಾಯ ಇದು. ಇಡೀ ಹಣವನ್ನು ಒಮ್ಮೆಗೇ ಪಡೆದು ಬಾಡಿಗೆಯಿಲ್ಲದೆ ಮನೆ ಕೊಡುವ ಭೋಗ್ಯದ ಪದ್ಧತಿಯೂ ಪ್ರಚಾರದಲ್ಲಿದೆ.

ಹನ್ನೊಂದು ತಿಂಗಳ ಕರಾರುಪತ್ರದ ಮೂಲ 1908ರ ನೋಂದಣಿ ಅಧಿನಿಯಮದಲ್ಲಿದೆ. ಒಂದು ವರ್ಷವನ್ನು ಮೀರಿದ ಗುತ್ತಿಗೆಯನ್ನು ಕಡ್ಡಾಯವಾಗಿ ನೋಂದಾಯಿಸಬೇಕಾದ್ದರಿಂದ ಅದಕ್ಕಿಂತ ಕಡಿಮೆ ಅವಧಿಯನ್ನು ಬರೆಯುವುದು ವಾಡಿಕೆಯಾಯಿತು. ಅವಧಿ ಹನ್ನೊಂದೇ ತಿಂಗಳಾದ್ದರಿಂದ ಬಾಡಿಗೆದಾರನು ಸುಲಭವಾಗಿ ಹೊರಡಬೇಕಾಗುತ್ತದೆಂಬ ನಂಬಿಕೆ ಮಾಲೀಕರಲ್ಲಿತ್ತು. ಇದಕ್ಕೆ ಆಧಾರವಿರಲಿಲ್ಲ. ಅವಧಿ ಮುಗಿದರೂ 21ನೆಯ ಪ್ರಕರಣದ ಕಾರಣಗಳಲ್ಲೊಂದನ್ನು ಸಾಬೀತುಪಡಿಸದೆ ತೆರವು ದೊರೆಯುತ್ತಿರಲಿಲ್ಲ. ಗುತ್ತಿಗೆಯ ಬದಲು 'ಪರವಾನಗಿ' ಎಂದು ಬರೆದುಕೊಳ್ಳುವ ಇನ್ನೊಂದು ಉಪಾಯಕ್ಕೂ ಮಿತಿಯಿತ್ತು. ಪತ್ರದ ಹೆಸರಿಗಿಂತ ಕಕ್ಷಿದಾರರ ನಿಜವಾದ ಉದ್ದೇಶವೇ ಮುಖ್ಯವೆಂದು ಸರ್ವೋಚ್ಚ ನ್ಯಾಯಾಲಯ 1959ರಲ್ಲಿಯೇ ತೀರ್ಮಾನಿಸಿತ್ತು.

ಬೀಗ ಜಡಿಯುವುದು, ಸಾಮಾನು ಹೊರಹಾಕುವುದು, ಬಲಪ್ರಯೋಗ ಮಾಡುವುದು ಇವು ಎಂದೂ ಕಾನೂನಿನ ಮಾರ್ಗಗಳಾಗಿರಲಿಲ್ಲ. 1963ರ ನಿರ್ದಿಷ್ಟ ಪರಿಹಾರ ಅಧಿನಿಯಮದ 6ನೆಯ ಪ್ರಕರಣದ ಪ್ರಕಾರ, ಕಾನೂನುಬಾಹಿರವಾಗಿ ಸ್ವಾಧೀನ ಕಳೆದುಕೊಂಡವನು ಆರು ತಿಂಗಳೊಳಗೆ ದಾವೆ ಹೂಡಿದರೆ, ಎದುರಾಳಿ ನಿಜವಾದ ಒಡೆಯನೇ ಆಗಿದ್ದರೂ ಸ್ವಾಧೀನವನ್ನು ಮರಳಿ ಪಡೆಯಬಲ್ಲನು. ಒಡೆತನ ನಿರ್ವಿವಾದವಾಗಿದ್ದರೂ ಮನೆಯ ಬಾಗಿಲನ್ನು ತೆರೆಸುವ ಅಧಿಕಾರ ನ್ಯಾಯಾಲಯದ್ದು ಮಾತ್ರ ಎಂಬುದು ಈ ನಿಯಮದ ತಿರುಳು.

8. 1999ರ ಅಧಿನಿಯಮ: ಹಣ ಮತ್ತು ಅಳತೆ

ತೊಂಬತ್ತರ ದಶಕದ ವೇಳೆಗೆ ಹಳೆಯ ನಿಯಂತ್ರಣದ ಬಗೆಗೆ ದೇಶದಾದ್ಯಂತ ಪುನರ್ವಿಮರ್ಶೆ ನಡೆಯಿತು. ಕೇಂದ್ರ ಸರ್ಕಾರವು 1992ರಲ್ಲಿ ಮಾದರಿ ಬಾಡಿಗೆ ಶಾಸನವನ್ನು ಸಿದ್ಧಪಡಿಸಿತು. ಸಂಸತ್ತು ಅಂಗೀಕರಿಸಿದ 1995ರ ದೆಹಲಿ ಬಾಡಿಗೆ ಅಧಿನಿಯಮವು ಬಾಡಿಗೆದಾರ ವರ್ತಕರ ವಿರೋಧದಿಂದಾಗಿ ಜಾರಿಗೆ ಬರಲೇ ಇಲ್ಲ. 1940ರ ಬಾಡಿಗೆಗೆ ಕಟ್ಟಿಹಾಕಿದ ಮುಂಬಯಿ ಕಾನೂನಿನ ನಿಬಂಧನೆಗಳು ಕಾಲಕ್ರಮದಲ್ಲಿ ಅನ್ಯಾಯಕರವಾಗಿವೆಯೆಂದು ಸರ್ವೋಚ್ಚ ನ್ಯಾಯಾಲಯ 1997ರ ಡಿಸೆಂಬರಿನಲ್ಲಿ ಹೇಳಿತು. ಈ ಹಿನ್ನೆಲೆಯಲ್ಲಿ ರೂಪುಗೊಂಡ 1999ರ ಕರ್ನಾಟಕ ಬಾಡಿಗೆ ಅಧಿನಿಯಮವು 2001ರ ಡಿಸೆಂಬರ್ 31ರಿಂದ ಜಾರಿಗೆ ಬಂದಿತು.

ಹೊಸ ಅಧಿನಿಯಮವು ರಕ್ಷಣೆಗೆ ಗಡಿ ಗುರುತಿಸಿತು. ಅನುಸೂಚಿಯ ಮೊದಲ ಭಾಗದಲ್ಲಿ ಸೇರಿದ ದೊಡ್ಡ ಪಟ್ಟಣಗಳಲ್ಲಿ ತಿಂಗಳಿಗೆ 3,500 ರೂಪಾಯಿ, ಇತರೆಡೆ 2,000 ರೂಪಾಯಿ ಮೀರಿದ ಬಾಡಿಗೆಯ ಕಟ್ಟಡಗಳು ಅದರ ವ್ಯಾಪ್ತಿಯಿಂದ ಹೊರಗುಳಿದವು. ವಾಣಿಜ್ಯ ಕಟ್ಟಡಗಳ ಪೈಕಿ 14 ಚದರ ಮೀಟರು ಮೀರದ ಸಣ್ಣ ಅಂಗಡಿಗಳಿಗಷ್ಟೇ ರಕ್ಷಣೆ ಉಳಿಯಿತು. ಬಾಡಿಗೆದಾರನ ಮರಣಾನಂತರ ಅವನೊಡನೆ ವಾಸಿಸುತ್ತಿದ್ದ ಕುಟುಂಬದವರ ಹಕ್ಕು ಐದು ವರ್ಷಗಳಿಗೆ ಸೀಮಿತವಾಯಿತು. ವಿಧವೆಯರು, ಸಶಸ್ತ್ರ ಪಡೆಗಳವರು ಮತ್ತು ಸರ್ಕಾರಿ ನೌಕರರಾಗಿದ್ದ ಮಾಲೀಕರಿಗೆ ತ್ವರಿತ ಸ್ವಾಧೀನದ ವಿಶೇಷ ಅವಕಾಶ ದೊರೆಯಿತು. ಮಾಲೀಕರಲ್ಲಿಯೂ ದುರ್ಬಲರಿರುವರೆಂಬುದನ್ನು ರಾಜ್ಯದ ಕಾನೂನು ಹೀಗೆ ಗುರುತಿಸಿತು.

ಲಿಖಿತ ಪ್ರಮಾಣದ ಮಹತ್ವವೂ ಹೆಚ್ಚಿತು. ಮಾಲೀಕ-ಬಾಡಿಗೆದಾರ ಸಂಬಂಧವನ್ನೇ ಎದುರಾಳಿ ಅಲ್ಲಗಳೆದಾಗ ಬರೆಹದ ಕರಾರು ಅಥವಾ ಬಾಡಿಗೆ ರಸೀದಿ ಇದ್ದರೆ ನ್ಯಾಯಾಲಯ ಅದನ್ನು ಮೇಲುನೋಟದ ಸಾಕ್ಷ್ಯವೆಂದು ಸ್ವೀಕರಿಸಿ ಮುಂದುವರಿಯುತ್ತದೆ. ಬಾಯಿಮಾತಿನ ಕರಾರಾಗಿದ್ದು ರಸೀದಿಯೂ ಇಲ್ಲದಿದ್ದರೆ 43ನೆಯ ಪ್ರಕರಣದ ಪ್ರಕಾರ ವಿಚಾರಣೆಯನ್ನು ನಿಲ್ಲಿಸಿ ಕಕ್ಷಿದಾರರನ್ನು ಸಿವಿಲ್ ನ್ಯಾಯಾಲಯಕ್ಕೆ ಕಳುಹಿಸುತ್ತದೆ. ಪರಿಚಯ, ವಿಶ್ವಾಸಗಳ ಮೇಲೆ ಮನೆ ಕೊಟ್ಟು ರಸೀದಿ ಬರೆಯದಿದ್ದ ಹಳೆಯ ತಲೆಮಾರಿನ ಮಾಲೀಕರಿಗೆ ಈ ನಿಯಮ ಕಠಿಣವಾಗಿ ಪರಿಣಮಿಸಿತು.

ಪರಿವರ್ತನೆಯ ಘಟ್ಟವೂ ಸುಗಮವಾಗಿರಲಿಲ್ಲ. ಹೊಸ ಕಾನೂನಿನ ವ್ಯಾಪ್ತಿಗೆ ಬರದ ಕಟ್ಟಡಗಳ ಬಗೆಗೆ ಬಾಕಿಯಿದ್ದ ಅರ್ಜಿಗಳು ರದ್ದಾಗುವುವೆಂದು 70ನೆಯ ಪ್ರಕರಣ ವಿಧಿಸಿತು. ವರ್ಷಗಟ್ಟಲೆ ನಡೆಸಿದ ಎಚ್.ಆರ್.ಸಿ. ಅರ್ಜಿ ಮುಗಿದುಹೋಗಿ, ಮಾಲೀಕನು 1882ರ ಅಧಿನಿಯಮದ 106ನೆಯ ಪ್ರಕರಣದಡಿ ಹೊಸದಾಗಿ ನೋಟೀಸು ಕೊಟ್ಟು ದಾವೆ ಹೂಡಬೇಕಾಯಿತು. ನೂರಿಪ್ಪತ್ತು ವರ್ಷಗಳ ಹಿಂದಿನ ಕರಾರಿನ ಕಾನೂನು ಮರಳಿ ಬಳಕೆಗೆ ಬಂದಿತು. 2002ರ ಡಿಸೆಂಬರ್ 31ರಿಂದ ಜಾರಿಗೆ ಬಂದ ತಿದ್ದುಪಡಿಯು ನೋಟೀಸಿನ ಅವಧಿ ತಿಂಗಳ ಕೊನೆಗೇ ಮುಗಿಯಬೇಕೆಂಬ ಹಳೆಯ ನಿಯಮವನ್ನು ತೆಗೆದುಹಾಕಿತು. ಅವಧಿಯನ್ನು ಕಡಿಮೆ ನಮೂದಿಸಿದ್ದರೂ ಹದಿನೈದು ದಿನ ಕಳೆದ ಮೇಲೆ ದಾವೆ ಹೂಡಿದ್ದರೆ ನೋಟೀಸು ಅಸಿಂಧುವಲ್ಲವೆಂದಿತು.

ಈ ವಿಂಗಡಣೆಯ ಪರಿಣಾಮವನ್ನು ಸೂಕ್ಷ್ಮವಾಗಿ ನೋಡಬೇಕು. ಹೆಚ್ಚು ಬಾಡಿಗೆ ತರುವ ಕಟ್ಟಡದ ಮಾಲೀಕನು ಕಾರಣ ಹೇಳಬೇಕಾದ ಹೊಣೆಯಿಂದ ಬಿಡುಗಡೆ ಹೊಂದಿದನು. ಕಡಿಮೆ ಬಾಡಿಗೆಯ ಹಳೆಯ ಮನೆಯ ಮಾಲೀಕನು ಕಾರಣಗಳ ಪಟ್ಟಿಗೆ ಬದ್ಧನಾಗಿಯೇ ಉಳಿದನು. ಬಡ ಬಾಡಿಗೆದಾರನಿಗೆ ರಕ್ಷಣೆ ಬೇಕೆಂಬುದು ನ್ಯಾಯವೇ. ಆದರೆ ಆ ರಕ್ಷಣೆಯ ವೆಚ್ಚವನ್ನು ಸಮಾಜ ಅಥವಾ ಸರ್ಕಾರ ಹೊರದೆ, ಹೆಚ್ಚಿನ ಸಂದರ್ಭಗಳಲ್ಲಿ ಅವನಷ್ಟೇ ಸಾಮಾನ್ಯನಾದ ಮಾಲೀಕನು ಹೊರುವಂತಾಯಿತು.

9. ಇತ್ತೀಚಿನ ಬೆಳವಣಿಗೆಗಳು

ವ್ಯಾಜ್ಯ ನಡೆಯುತ್ತಿರುವಾಗ ಹಳೆಯ ಬಾಡಿಗೆಯಲ್ಲಿಯೇ ಉಳಿಯುವುದು ಬಾಡಿಗೆದಾರನಿಗೆ ಲಾಭಕರವಾಗಿದ್ದರಿಂದ ಮೇಲ್ಮನವಿಗಳು ಹೆಚ್ಚುತ್ತಿದ್ದವು. ತೆರವಿನ ಡಿಕ್ರಿಗೆ ತಡೆಯಾಜ್ಞೆ ನೀಡುವಾಗ ಮಾರುಕಟ್ಟೆಯ ದರಕ್ಕೆ ಅನುಗುಣವಾದ ಮೊತ್ತವನ್ನು ಪಾವತಿಸುವ ಷರತ್ತು ವಿಧಿಸಬಹುದೆಂದು ಸರ್ವೋಚ್ಚ ನ್ಯಾಯಾಲಯ 2004ರ ಡಿಸೆಂಬರಿನಲ್ಲಿ ಹೇಳಿದುದು ಈ ದೃಷ್ಟಿಯಿಂದ ಮಹತ್ವದ್ದು. ವಿಳಂಬದ ಬೆಲೆಯನ್ನು ವಿಳಂಬದಿಂದ ಪ್ರಯೋಜನ ಪಡೆಯುವವನ ಮೇಲೆ ಹೊರಿಸುವ ಯತ್ನ ಇದಾಗಿತ್ತು. ಸಂಧಾನ ಮತ್ತು ಲೋಕ ಅದಾಲತ್‌ಗಳಲ್ಲಿ, ತೆರವಿಗೆ ಕೆಲವು ತಿಂಗಳ ಕಾಲಾವಕಾಶ ನೀಡಿ ಬಾಕಿಯಲ್ಲಿ ರಿಯಾಯಿತಿ ತೋರಿಸಿ ಇತ್ಯರ್ಥ ಮಾಡಿಕೊಳ್ಳುವ ಮಾರ್ಗವೂ ಇದೆ. ಕರಾರಿನಲ್ಲಿ ಪಂಚಾಯ್ತಿಯ ಷರತ್ತಿದ್ದರೆ 1882ರ ಅಧಿನಿಯಮದಡಿಯ ವ್ಯಾಜ್ಯಗಳನ್ನು ಮಧ್ಯಸ್ಥರಿಗೆ ಒಪ್ಪಿಸಬಹುದೆಂದೂ ಬಾಡಿಗೆ ಕಾನೂನುಗಳ ರಕ್ಷಣೆಯುಳ್ಳ ವ್ಯಾಜ್ಯಗಳನ್ನು ಒಪ್ಪಿಸಲಾಗದೆಂದೂ 2020ರಲ್ಲಿ ಸರ್ವೋಚ್ಚ ನ್ಯಾಯಾಲಯ ಸ್ಪಷ್ಟಪಡಿಸಿತು.

ಕೇಂದ್ರ ಸಚಿವ ಸಂಪುಟವು 2021ರ ಜೂನ್ 2ರಂದು ಅನುಮೋದಿಸಿದ ಮಾದರಿ ಬಾಡಿಗೆ ಅಧಿನಿಯಮವು ವಾಸದ ಮನೆಗೆ ಎರಡು ತಿಂಗಳ, ಇತರ ಕಟ್ಟಡಗಳಿಗೆ ಆರು ತಿಂಗಳ ಬಾಡಿಗೆಯನ್ನು ಠೇವಣಿಯ ಮಿತಿಯಾಗಿ ಸೂಚಿಸುತ್ತದೆ. ಅವಧಿ ಮುಗಿದ ಮೇಲೂ ತೆರವು ಮಾಡದವನು ಮೊದಲ ಎರಡು ತಿಂಗಳು ಇಮ್ಮಡಿ, ಅನಂತರ ನಾಲ್ಮಡಿ ಬಾಡಿಗೆ ತೆರಬೇಕೆನ್ನುತ್ತದೆ. ಬಾಡಿಗೆ ಪ್ರಾಧಿಕಾರ, ಬಾಡಿಗೆ ನ್ಯಾಯಾಲಯ ಮತ್ತು ನ್ಯಾಯಮಂಡಳಿಗಳ ಪ್ರತ್ಯೇಕ ವ್ಯವಸ್ಥೆಯನ್ನೂ ಪ್ರಸ್ತಾಪಿಸುತ್ತದೆ. ಇದು ಮಾದರಿ ಮಾತ್ರ. ರಾಜ್ಯಗಳು ತಾವಾಗಿ ಕಾನೂನು ಮಾಡಿದಾಗಲೇ ಇದಕ್ಕೆ ಬಲ ಬರುತ್ತದೆ.

10. ಉಪಸಂಹಾರ

ಮೇಲಿನ ವಿವೇಚನೆಯಿಂದ ಮೂರು ಘಟ್ಟಗಳನ್ನು ಗುರುತಿಸಬಹುದು. ಕರಾರಿನ ಕಾಲದಲ್ಲಿ ಮಾಲೀಕನು ನೋಟೀಸನ್ನೂ ನಿಯಂತ್ರಣದ ಕಾಲದಲ್ಲಿ ಕಾರಣವನ್ನೂ ಸಾಬೀತುಪಡಿಸಬೇಕಾಗಿತ್ತು. 2001ರ ಅನಂತರ ತನ್ನ ಕಟ್ಟಡ ಯಾವ ಕಾನೂನಿನ ವ್ಯಾಪ್ತಿಗೆ ಸೇರುತ್ತದೆಂಬುದನ್ನು ಮೊದಲು ನಿರ್ಧರಿಸಿಕೊಳ್ಳಬೇಕಾಗಿದೆ. ವ್ಯಾಪ್ತಿಯೊಳಗಿದ್ದರೆ 27ನೆಯ ಪ್ರಕರಣದ ಅರ್ಜಿ, ಹೊರಗಿದ್ದರೆ ನೋಟೀಸು ಮತ್ತು ತೆರವಿನ ದಾವೆ. ಬಾಕಿ ಬಾಡಿಗೆಗೆ ಮೂರು ವರ್ಷಗಳ, ಸ್ವಾಧೀನಕ್ಕೆ ಗುತ್ತಿಗೆ ಕೊನೆಗೊಂಡಂದಿನಿಂದ ಹನ್ನೆರಡು ವರ್ಷಗಳ ಕಾಲಮಿತಿ. ಮೂರೂ ಘಟ್ಟಗಳಲ್ಲಿ ಬದಲಾಗದೆ ಉಳಿದ ತತ್ತ್ವ ಒಂದೇ: ಮಾಲೀಕನು ತನ್ನ ಕೈಯಿಂದಲೇ ಬಾಡಿಗೆದಾರನನ್ನು ಹೊರಹಾಕಕೂಡದು.

ಈ ತತ್ತ್ವವನ್ನು ಒಪ್ಪಿಕೊಂಡ ಪ್ರಭುತ್ವಕ್ಕೆ ಅದರೊಡನೆಯೇ ಒಂದು ಹೊಣೆಯೂ ಸೇರುತ್ತದೆ. ಒಡೆಯನ ಕೈಯನ್ನು ತಡೆದ ಮೇಲೆ ಅವನ ಅಹವಾಲನ್ನು ಸಕಾಲದಲ್ಲಿ ತೀರ್ಮಾನಿಸಬೇಕು. ಬಾಡಿಗೆದಾರನಿಗೆ ತೆರವಿನ ಆದೇಶ ನೀಡುವ ಮುನ್ನ ಅವನಿಗೆ ಬೇರೊಂದು ಆಸರೆ ದೊರೆಯುವಂತೆ ನಗರದ ವಸತಿ ನೀತಿ ಇರಬೇಕು. ಕಳೆದ ಶತಮಾನದ ಕಾನೂನುಗಳು ಮೊದಲನೆಯ ಹೊಣೆಯನ್ನು ನ್ಯಾಯಾಲಯಗಳ ದಿನಚರಿಗೆ ಬಿಟ್ಟವು, ಎರಡನೆಯದನ್ನು ಖಾಸಗಿ ಮಾಲೀಕನಿಗೆ ವಹಿಸಿದವು. ಮುಂಗಡದ ಮೊತ್ತವನ್ನು ಹೊಂದಿಸಲಾರದ ಬಾಡಿಗೆದಾರ ಮತ್ತು ತೀರ್ಪಿಗಾಗಿ ಕಾಯಲಾರದ ಒಂದೇ ಮನೆಯ ಮಾಲೀಕ, ಈ ಇಬ್ಬರೂ ಆ ಲೋಪದ ಫಲವನ್ನು ಉಂಡವರು. ಕಾನೂನು ಅವರನ್ನು ಎದುರಾಳಿಗಳಾಗಿ ನಿಲ್ಲಿಸಿತು. ಚರಿತ್ರೆಯ ದೃಷ್ಟಿಯಲ್ಲಿ ಅವರು ವಸತಿಯ ಅಭಾವವೆಂಬ ಒಂದೇ ಸಂಕಷ್ಟದಲ್ಲಿ ಸಿಲುಕಿದವರು. ಹೊಸ ಶಾಸನಗಳನ್ನು ರೂಪಿಸುವವರು ಈ ಅಂಶವನ್ನು ಗಮನದಲ್ಲಿರಿಸಿಕೊಳ್ಳುವುದು ಅವಶ್ಯಕ.